ದೆಹಲಿಯಿಂದ ಮೈಸೂರಿಗೆ: ಹವೆಗಾಗಿ ಊರು ಬದಲಾಯಿಸುವ ಕೂಡು ಕುಟುಂಬಕ್ಕೊಂದು ಮಾರ್ಗದರ್ಶಿ

ದೀಪಾವಳಿ ಕಳೆದ ವಾರದಿಂದ ಸಂಕ್ರಾಂತಿಯವರೆಗೆ ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ಕನ್ನಡಿಗರಿಂದ ನನಗೆ ಬರುವ ಪ್ರಶ್ನೆ ಪ್ರತಿ ವರ್ಷವೂ ಒಂದೇ. ಅಪ್ಪನಿಗೆ ಉಸಿರಾಟ ಕಷ್ಟವಾಗಿದೆ, ಮಗುವಿನ ಕೆಮ್ಮು ನಿಲ್ಲುತ್ತಿಲ್ಲ, ಅಣ್ಣನ ಸಂಸಾರವನ್ನೂ ಸೇರಿಸಿಕೊಂಡು ಎಲ್ಲರೂ ಮೈಸೂರಿಗೆ ಬಂದುಬಿಡಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳುತ್ತಾರೆ. ಒಂಬತ್ತು ಜನರ ಕುಟುಂಬವನ್ನು ದೆಹಲಿಯಿಂದ ಕುವೆಂಪುನಗರಕ್ಕೆ ಕರೆತಂದ ಅನುಭವ ನನಗಿರುವುದರಿಂದಲೂ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯುವುದು ಸಾಧ್ಯವಾಗದಿರುವುದರಿಂದಲೂ, ಎಲ್ಲವನ್ನೂ ಒಂದೆಡೆ ಕ್ರಮವಾಗಿ ಬರೆದಿಟ್ಟಿದ್ದೇನೆ. ಒಬ್ಬರೋ ಇಬ್ಬರೋ ಕೆಲಸಕ್ಕಾಗಿ ಊರು ಬದಲಾಯಿಸುವುದಕ್ಕೂ, ಮೂರು ತಲೆಮಾರಿನ ಕುಟುಂಬ ಸುಮಾರು 2,300 ಕಿಲೋಮೀಟರ್ ದಾಟಿ ಬರುವುದಕ್ಕೂ ಬಹಳ ವ್ಯತ್ಯಾಸವಿದೆ. ಈ ಬರಹ ಎರಡನೆಯವರಿಗಾಗಿ.

ಮೊದಲು ಹವೆಯ ಲೆಕ್ಕ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣಾಂಶ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಏಪ್ರಿಲ್ ಮಧ್ಯಾಹ್ನ 34, 35 ಡಿಗ್ರಿಗೆ ಏರುತ್ತದೆ. ಜನವರಿಯಲ್ಲಿ ನಾಲ್ಕೈದು ಡಿಗ್ರಿಯ ಚಳಿಯನ್ನೂ ಮೇ ತಿಂಗಳಲ್ಲಿ 45 ಡಿಗ್ರಿಯ ಬಿಸಿಗಾಳಿಯನ್ನೂ ಕಂಡವರಿಗೆ ಇದು ವರದಾನವೆನಿಸುವುದು ಸಹಜ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಅದರ ದೊಡ್ಡ ಪಾಲು ಮೇ ತಿಂಗಳ ಗುಡುಗು ಮಳೆಯಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇರುವುದು ಮೋಡ, ಗಾಳಿ ಮತ್ತು ಬಟ್ಟೆ ಒಣಗಲು ಬಿಡದ ತುಂತುರು.

ಗಾಳಿಯ ವಿಷಯದಲ್ಲಿ ಎರಡು ಪದಗಳನ್ನು ತಿಳಿದಿರಬೇಕು. ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದಾದ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣ. ಎಕ್ಯೂಐ ಎಂದರೆ ಇಂತಹ ಹಲವು ಮಾಲಿನ್ಯಕಾರಕಗಳನ್ನು ಅಳೆದು ಒಂದೇ ಸಂಖ್ಯೆಯಲ್ಲಿ ಹೇಳುವ ವಾಯು ಗುಣಮಟ್ಟ ಸೂಚ್ಯಂಕ. ನಮ್ಮ ದೇಶದ ಮಾನದಂಡದಲ್ಲಿ 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ತೀರಾ ಕಳಪೆ, ಅದಕ್ಕೂ ಮೇಲೆ ಹೋದರೆ ಗಂಭೀರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಎರಡೂ ಊರುಗಳ ಅಂಕಿಗಳನ್ನು ನೋಡಬಹುದು. ಆದರೆ ಮೈಸೂರಿನ ಹೆಬ್ಬಾಳ ಬಡಾವಣೆಯ ಮಾಪನ ಕೇಂದ್ರದಲ್ಲಿ ಬರುವ ಅಂಕಿ ಹೆಬ್ಬಾಳದ್ದು. ನೀವು ಬಾಡಿಗೆಗೆ ಹಿಡಿಯಲಿರುವ ಮನೆಯ ಹಿಂದಿನ ಖಾಲಿ ನಿವೇಶನದಲ್ಲಿ ದಿನವೂ ಸಂಜೆ ಕಸ ಸುಡುತ್ತಾರೆಯೇ ಎಂಬುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ.

ನಾನು ಎಲ್ಲರಿಗೂ ಹೇಳುವ ಮಾತು ಇದೇ. ಊರಿನ ಹವೆಯನ್ನು ನೋಡಿ ಬರಲು ನಿರ್ಧರಿಸಿದರೂ ನೀವು ಬದುಕುವುದು ಮನೆಯ ಹವೆಯಲ್ಲಿ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮನೆ ನೋಡುವ ಹಂತವೇ ಅತಿ ಉದ್ದವಾಗಿದೆ.

ಹಂತ 1: ವೈದ್ಯರ ಮಾತು, ಮನೆಯವರ ಒಪ್ಪಿಗೆ

ಯಾರ ಆರೋಗ್ಯಕ್ಕಾಗಿ ಹೊರಡುತ್ತಿದ್ದೀರೋ ಅವರನ್ನು ಈಗ ನೋಡುತ್ತಿರುವ ವೈದ್ಯರಲ್ಲಿ ನೇರವಾಗಿ ಕೇಳಿ: ತೊಂದರೆಗೆ ಕಾರಣ ಹೊಗೆಯ ಕಣಗಳೇ, ಚಳಿಯೇ, ಪರಾಗವೇ, ದೂಳಿನ ಹುಳುವೇ, ಬೂಷ್ಟೇ? ಉತ್ತರ ಹೊಗೆ ಅಥವಾ ಚಳಿ ಎಂದಾದರೆ ಮೈಸೂರಿನಲ್ಲಿ ನೆಮ್ಮದಿ ಸಿಗುವ ಸಾಧ್ಯತೆ ಹೆಚ್ಚು. ಪರಾಗ ಅಥವಾ ಬೂಷ್ಟಿನ ಅಲರ್ಜಿಯಾದರೆ ಇಲ್ಲಿಯೂ ಎಚ್ಚರ ಬೇಕು, ಏಕೆಂದರೆ ನಾವು ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಮಳೆ ಬಿದ್ದೊಡನೆ ಖಾಲಿ ನಿವೇಶನಗಳಲ್ಲೆಲ್ಲ ಎದೆಯುದ್ದ ಬೆಳೆಯುತ್ತದೆ. ಅದರ ಪರಾಗ ಮೂಗಿಗೂ ಚರ್ಮಕ್ಕೂ ಆಗಿಬರುವುದಿಲ್ಲ. ಕ್ಷಯರೋಗಿಗಳಿಗೆ ಗಾಳಿಯೇ ಅರ್ಧ ಮದ್ದು ಎಂದು ನಂಬಿದ್ದ ಕಾಲದಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮವನ್ನು ಕಟ್ಟಿದರು ಎಂಬುದನ್ನು ಹಳಬರು ಹೆಮ್ಮೆಯಿಂದ ಹೇಳುತ್ತಾರೆ. ಆ ನಂಬಿಕೆಯನ್ನು ಗೌರವಿಸೋಣ, ಆದರೆ ಇನ್‌ಹೇಲರ್ ನಿಲ್ಲಿಸುವ ನಿರ್ಧಾರವನ್ನು ವೈದ್ಯರಿಗೇ ಬಿಡೋಣ.

ಬಳಿಕ ಮನೆಯ ಎಲ್ಲ ವಯಸ್ಕರೂ ಒಂದೆಡೆ ಕುಳಿತು ಮೂರು ವಿಷಯಗಳನ್ನು ಕಾಗದದ ಮೇಲೆ ಬರೆಯಿರಿ: ಯಾರ ದುಡಿಮೆ ದೆಹಲಿಗೆ ಕಟ್ಟುಬಿದ್ದಿದೆ, ಬಾಡಿಗೆ ಮತ್ತು ಮುಂಗಡದಲ್ಲಿ ಯಾರ ಪಾಲೆಷ್ಟು, ಒಂದು ವರ್ಷದ ಬಳಿಕ ಯಾರಿಗಾದರೂ ಹಿಡಿಸದಿದ್ದರೆ ಅವರು ಹಿಂದಿರುಗುವ ದಾರಿ ಯಾವುದು. ಉತ್ತರ ಭಾರತದಲ್ಲೇ ಹುಟ್ಟಿ ಬೆಳೆದ ಸೊಸೆಯೋ ಅಳಿಯನೋ ಮನೆಯಲ್ಲಿದ್ದರೆ ಅವರ ಮಾತನ್ನು ಮೊದಲು ಕೇಳಬೇಕು. ಅತ್ತೆ ಮಾವನಿಗೆ ಇದು ಊರಿಗೆ ಮರಳುವ ಸಂಭ್ರಮ, ಸೊಸೆಗೆ ತವರಿನಿಂದ ಎರಡು ದಿನದ ರೈಲು ದೂರ.

ಹಂತ 2: ಎರಡು ಋತುಗಳ ಪರೀಕ್ಷಾ ವಾಸ

ದಸರಾ ಸಮಯದಲ್ಲೋ ಡಿಸೆಂಬರ್ ರಜೆಯಲ್ಲೋ ಒಂದು ವಾರ ಬಂದು, ಚಾಮುಂಡಿ ಬೆಟ್ಟದ ತಂಗಾಳಿಗೆ ಮನಸೋತು ನಿರ್ಧಾರ ಮಾಡುವುದೇ ಬಹುತೇಕರು ಮಾಡುವ ಮೊದಲ ತಪ್ಪು. ಆ ದಿನಗಳಲ್ಲಿ ಮೈಸೂರು ಯಾರಿಗೂ ಬೇಡವೆನಿಸುವುದಿಲ್ಲ. ಸಾಧ್ಯವಾದರೆ ಏಪ್ರಿಲ್‌ನಲ್ಲಿ ಹತ್ತು ದಿನ, ಜುಲೈ ಕೊನೆಯಲ್ಲಿ ಹತ್ತು ದಿನ, ಆರೋಗ್ಯದ ತೊಂದರೆಯಿರುವ ಹಿರಿಯರನ್ನೂ ಕರೆತಂದು ಬಾಡಿಗೆ ಕೋಣೆಯಲ್ಲಿ ಇರಿ. ನೆಂಟರ ಮನೆ ಬೇಡ, ಅಲ್ಲಿ ಉಪಚಾರದ ನಡುವೆ ಹವೆ ಗೊತ್ತಾಗುವುದಿಲ್ಲ. ದಿನವೂ ಬೆಳಗ್ಗೆ ಮತ್ತು ರಾತ್ರಿ ಪೀಕ್ ಫ್ಲೋ ಮೀಟರ್‌ನಲ್ಲಿ ಬರುವ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಊದಿದ ಉಸಿರಿನ ವೇಗವನ್ನು ತೋರಿಸುವ ಈ ಪುಟ್ಟ ಪ್ಲಾಸ್ಟಿಕ್ ಕೊಳವೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಪುಸ್ತಕವನ್ನು ಹಿಂದಿರುಗಿದ ಮೇಲೆ ವೈದ್ಯರಿಗೆ ತೋರಿಸಿ.

ಮಂಡ್ಯದಲ್ಲಿ ನೆಲೆಸಬಹುದೇ ಎಂದೂ ಅನೇಕರು ಕೇಳುತ್ತಾರೆ. ಮೈಸೂರಿಗೆ ಸುಮಾರು 45 ಕಿಲೋಮೀಟರ್ ದೂರ, ರೈಲು ಸಂಪರ್ಕ ಚೆನ್ನಾಗಿದೆ, ಬಾಡಿಗೆಯೂ ಕಡಿಮೆ. ಆದರೆ ಮಂಡ್ಯ ಮೈಸೂರಿಗಿಂತ ತಗ್ಗಿನಲ್ಲಿದೆ, ಬೇಸಗೆ ಸ್ವಲ್ಪ ಹೆಚ್ಚೇ ಸುಡುತ್ತದೆ. ಹಳ್ಳಿಯ ಕಡೆ ಮನೆ ಮಾಡಿದರೆ ನಾಲೆಯ ಬಯಲಿನ ಸೊಳ್ಳೆ, ಕಬ್ಬಿನ ಸೋಗೆ ಸುಡುವ ಹೊಗೆ ಮತ್ತು ಆಲೆಮನೆಯ ಹೊಗೆ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಲ್ಲ ಕಾಯಿಸುವ ಆಲೆಮನೆಯ ಪರಿಮಳ ಹಾದುಹೋಗುವವರಿಗೆ ಸೊಗಸು, ಅದರ ಪಕ್ಕದಲ್ಲೇ ವಾಸಿಸುವ ಆಸ್ತಮಾ ರೋಗಿಗೆ ಅಲ್ಲ.

ಹಂತ 3: ಬಾಡಿಗೆ ಮನೆ ಹುಡುಕುವುದು

ಮೊದಲ ವರ್ಷ ಬಾಡಿಗೆ ಮನೆಯೇ ಇರಲಿ. ಎಂಟು ಹತ್ತು ಜನರಿಗೆ ಸಾಲುವಂತಹ ಒಂದೇ ಮನೆ ಮೈಸೂರಿನಲ್ಲಿ ಸಿಗುವುದು ವಿರಳ. ಸಿಕ್ಕರೂ ಅದು ಒಳಗೇ ಮೆಟ್ಟಿಲಿರುವ ಡೂಪ್ಲೆಕ್ಸ್ ಆಗಿದ್ದು ಮಲಗುವ ಕೋಣೆಗಳೆಲ್ಲ ಮೇಲಿರುತ್ತವೆ. ಒಂದೇ ಕಟ್ಟಡದ ಕೆಳಮನೆ ಮತ್ತು ಮೇಲ್ಮನೆ ಎರಡನ್ನೂ ಹಿಡಿದು, ಹಿರಿಯರನ್ನು ಕೆಳಗೆ ಇರಿಸುವುದು ನಾನು ಕಂಡಂತೆ ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ಅಡುಗೆಮನೆ ಎರಡಾಗುತ್ತದೆಯಲ್ಲ ಎಂದು ಅಜ್ಜಿ ಗೊಣಗಬಹುದು. ಆರು ತಿಂಗಳ ಬಳಿಕ ಗೊಣಗುವುದಿಲ್ಲ.

ಮನೆಯನ್ನು ಬೆಳಗ್ಗೆ ಹತ್ತಕ್ಕೆ ನೋಡಿ ಒಪ್ಪಿಕೊಳ್ಳಬೇಡಿ. ಸಂಜೆ ನಾಲ್ಕಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಹೋಗಿ. ನಾವು ಮೊದಲು ಹಿಡಿದ ಮನೆಯ ಮೇಲಿನ ಮಹಡಿಯಲ್ಲಿ ಪಡುವಣ ದಿಕ್ಕಿನ ಕೋಣೆಯನ್ನು ಗಾಳಿ ಬೆಳಕು ಚೆನ್ನಾಗಿದೆಯೆಂದು ಅಪ್ಪನಿಗೆ ಕೊಟ್ಟೆವು. ಏಪ್ರಿಲ್ ಬಂದಾಗ ರಾತ್ರಿ ಎಂಟಕ್ಕೆ ಗೋಡೆಯ ಮೇಲೆ ಅಂಗೈ ಇಟ್ಟರೆ ಆಗಷ್ಟೇ ಒಲೆಯಿಂದ ಇಳಿಸಿದ ಹೆಂಚಿನ ಹಾಗೆ ಬಿಸಿಯಿರುತ್ತಿತ್ತು, ಹೊರಗೆ ಮಾತ್ರ ತಂಗಾಳಿ ಬೀಸುತ್ತಿತ್ತು. ಕಾಂಕ್ರೀಟ್ ತಾರಸಿ ಹಗಲು ಹೀರಿದ ಶಾಖವನ್ನು ರಾತ್ರಿ ಒಳಕ್ಕೆ ಬಿಡುತ್ತದೆ. ಆದ್ದರಿಂದ ಮೇಲೆ ಇನ್ನೊಂದು ಮಹಡಿಯಿರುವ, ಎದುರು ಬದುರು ಕಿಟಕಿಗಳಿರುವ, ಪಶ್ಚಿಮಕ್ಕೆ ಮರದ ನೆರಳೋ ಪಕ್ಕದ ಕಟ್ಟಡದ ನೆರಳೋ ಬೀಳುವ ಕೋಣೆಯನ್ನು ಹಿರಿಯರಿಗೆ ಆರಿಸಿ. ಬಿಸಿಲಿಗೆ ಹೆದರಿ ಸೂರ್ಯನೇ ಕಾಣದ ಕೆಳಮನೆಯ ಮೂಲೆಯನ್ನೂ ಹಿಡಿಯಬೇಡಿ, ಜುಲೈ ತಿಂಗಳಲ್ಲಿ ಅಲ್ಲಿ ಗೋಡೆ ಬೆವರಿ ಬೂಷ್ಟು ಕಟ್ಟುತ್ತದೆ. ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿ, ಹೊಸ ಬಣ್ಣ ಬಳಿದಿದ್ದರೂ ಬೂಷ್ಟಿನ ವಾಸನೆ ಕಪಾಟಿನೊಳಗೆ ಉಳಿದಿರುತ್ತದೆ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಇಲ್ಲದಿದ್ದರೆ ಹಾಕಿಸಿಕೊಡುವಂತೆ ಕರಾರಿಗೆ ಮೊದಲೇ ಕೇಳಿ. ಜಾಲರಿಯಿಲ್ಲದ ಮನೆಯಲ್ಲಿ ಸಂಜೆ ಕಿಟಕಿ ಮುಚ್ಚುವುದು ಅನಿವಾರ್ಯವಾಗಿ, ಯಾವ ಗಾಳಿಗಾಗಿ ಇಷ್ಟು ದೂರ ಬಂದಿರೋ ಅದೇ ಒಳಗೆ ಬರುವುದಿಲ್ಲ.

ನೀರಿನ ವಿಚಾರಣೆ ಗಾಳಿಯಷ್ಟೇ ಮುಖ್ಯ. ಮೈಸೂರಿಗೆ ಕಾವೇರಿ ಮತ್ತು ಕಬಿನಿ ನದಿಗಳಿಂದ ನೀರು ಬರುತ್ತದೆ, ವಿತರಣೆಯನ್ನು ವಾಣಿ ವಿಲಾಸ ನೀರು ಸರಬರಾಜು ವಿಭಾಗ ನೋಡಿಕೊಳ್ಳುತ್ತದೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದಂತಹ ಹಳೆಯ ಬಡಾವಣೆಗಳಿಗೂ, ವರ್ತುಲ ರಸ್ತೆಯ ಆಚೆ ಎದ್ದಿರುವ ಹೊಸ ಖಾಸಗಿ ಬಡಾವಣೆಗಳಿಗೂ ಈ ವಿಷಯದಲ್ಲಿ ಅಜಗಜಾಂತರ. ಹೊರವಲಯದ ಎಷ್ಟೋ ಕಡೆ ಬೋರ್‌ವೆಲ್ ನೀರೇ ಗತಿ. ಆ ನೀರು ಗಡಸಾಗಿದ್ದರೆ ಗೀಸರ್ ಕಾಯಿಲಿಗೆ ಸುಣ್ಣ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ, ಕೂದಲು ಉದುರುತ್ತದೆಂಬ ದೂರು ಮನೆಮಂದಿಯಿಂದ ಬರುತ್ತದೆ. ಮಾಲೀಕರಿಗಿಂತ ಪಕ್ಕದ ಮನೆಯವರನ್ನು ಕೇಳಿ: ನಲ್ಲಿಯಲ್ಲಿ ನೀರು ಬರುವುದು ಯಾವ ದಿನ, ಎಷ್ಟು ಹೊತ್ತು? 2023ರಲ್ಲಿ ಮುಂಗಾರು ಕೈಕೊಟ್ಟು ಕೆ.ಆರ್.ಎಸ್. ತುಂಬದೆ ಹೋದ ಮೇಲೆ, ಅದರ ಮರುಬೇಸಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ? ಸಂಪು ಎಂದರೆ ನೆಲದಡಿಯ ನೀರಿನ ತೊಟ್ಟಿ, ಅದರ ಮುಚ್ಚಳ ತೆಗೆಸಿ ಆಳವನ್ನು ಕಣ್ಣಾರೆ ನೋಡಿ. ನಾಲ್ಕು ಜನರ ಲೆಕ್ಕಕ್ಕೆ ಕಟ್ಟಿದ ಸಂಪು ಒಂಬತ್ತು ಜನರಿಗೆ ಸಾಲದು.

ಮನೆಯ ಸುತ್ತ ಐದು ನಿಮಿಷ ನಡೆದಾಡಿ. ಪಕ್ಕದಲ್ಲಿ ಕಲ್ಯಾಣ ಮಂಟಪ, ಎದುರಿಗೆ ಲಾರಿಗಳು ಓಡಾಡುವ ರಸ್ತೆ, ಹಿಂದೆ ಕಾಂಗ್ರೆಸ್ ಗಿಡ ತುಂಬಿದ ನಿವೇಶನ ಇವೆಯೇ ಎಂದು ನೋಡಿಕೊಳ್ಳಿ. ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿಗಳ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಬೀದಿಗಳನ್ನೂ, ಕಸ ಸುರಿಯುವ ಜಾಗದ ಸಮೀಪವನ್ನೂ ಉಸಿರಾಟದ ತೊಂದರೆಯವರು ಬಿಟ್ಟುಬಿಡುವುದು ಲೇಸು.

ಇನ್ನು ಕರಾರು. ದೆಹಲಿಯಲ್ಲಿ ಎರಡು ತಿಂಗಳ ಬಾಡಿಗೆಯನ್ನು ಠೇವಣಿ ಇಟ್ಟು ರೂಢಿಯಾದವರಿಗೆ ಇಲ್ಲಿನ ಅಡ್ವಾನ್ಸ್ ಮೊತ್ತ ಕೇಳಿ ಎದೆ ಧಸಕ್ ಎನ್ನಬಹುದು, ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವುದು ಇಲ್ಲಿ ವಾಡಿಕೆ. ಚೌಕಾಶಿಗೆ ಅವಕಾಶವಿದೆ. ‘ಭೋಗ್ಯ’ ಎಂಬ ಇನ್ನೊಂದು ಪದ್ಧತಿಯೂ ಇದೆ: ದೊಡ್ಡ ಮೊತ್ತವನ್ನು ಒಂದೇ ಬಾರಿ ಮಾಲೀಕರಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಪೂರ್ತಿ ಹಣ ಹಿಂಪಡೆಯುವುದು. ಕಾಗದದ ಮೇಲೆ ಇದು ಲಾಭವೇ. ಆದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದೆ ಹೋದರೆ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾಗಿರುವ ಸಾಲ ಮತ್ತು ವ್ಯವಹಾರಗಳ ಪಟ್ಟಿಯನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದು ನೋಡದೆ, ಕರಾರನ್ನು ನೋಂದಾಯಿಸದೆ ಭೋಗ್ಯಕ್ಕೆ ಹಣ ಕೊಡಬೇಡಿ. ಹೊಸಬರಿಗೆ ನಾನು ಭೋಗ್ಯವನ್ನು ಸೂಚಿಸುವುದಿಲ್ಲ.

ಹಂತ 4: ಹೊರಡುವ ತಿಂಗಳನ್ನು ಗೊತ್ತುಮಾಡುವುದು

ಶಾಲೆಗೆ ಹೋಗುವ ಮಕ್ಕಳಿದ್ದರೆ ತಿಂಗಳನ್ನು ನಿರ್ಧರಿಸುವುದು ಅವರ ತರಗತಿ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆ ಅಥವಾ ಜೂನ್ ಮೊದಲಿಗೆ ತೆರೆಯುತ್ತವೆ. ಒಂಬತ್ತು ಮತ್ತು ಹನ್ನೊಂದನೇ ತರಗತಿಯಲ್ಲೇ ಬೋರ್ಡ್ ನೋಂದಣಿಯಾಗಿಬಿಡುವುದರಿಂದ, ಹತ್ತು ಅಥವಾ ಹನ್ನೆರಡಕ್ಕೆ ಹೊಸ ಶಾಲೆ ಸೇರುವುದು ಬಹಳ ತೊಡಕಿನದು. ಅಂತಹ ಮಗುವಿದ್ದರೆ ತಂದೆ ಅಥವಾ ತಾಯಿ ಅದರೊಡನೆ ಒಂದು ವರ್ಷ ಹಿಂದುಳಿಯಲಿ.

ಎರಡು ವಿಷಯಗಳನ್ನು ಮುಂಚೆಯೇ ತಿಳಿದಿರಿ. ಮೊದಲನೆಯದು, 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಡಿ ಕರ್ನಾಟಕದ ಶಾಲೆಗಳಲ್ಲಿ, ಕೇಂದ್ರ ಪಠ್ಯಕ್ರಮದವೂ ಸೇರಿದಂತೆ, ಕನ್ನಡ ಕಲಿಕೆಯ ವಿಷಯವಾಗಿದೆ. ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೂ ಒತ್ತಕ್ಷರ ಬರೆಯಲು ತಿಂಗಳುಗಳೇ ಬೇಕು, ಹೊರಡುವ ಆರು ತಿಂಗಳ ಮೊದಲೇ ಕಾಗುಣಿತ ಶುರು ಮಾಡಿಸಿ. ಎರಡನೆಯದು ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ. ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯುವ ಸಾಮಾನ್ಯ ದಾರಿಯೆಂದರೆ ವಿದ್ಯಾರ್ಥಿ ಕರ್ನಾಟಕದಲ್ಲಿ ಏಳು ವರ್ಷ ಓದಿರುವುದು. ಎಂಟನೇ ತರಗತಿಗೆ ಬಂದು ಸೇರಿದ ಮಗುವಿಗೆ ಏಳು ವರ್ಷ ಆಗುವುದಿಲ್ಲ. ಆಗ ನೆರವಿಗೆ ಬರುವ ಇನ್ನೊಂದು ನಿಯಮದಂತೆ, ಮಗು ಹನ್ನೊಂದು ಮತ್ತು ಹನ್ನೆರಡನ್ನು ಇಲ್ಲಿ ಓದಿ, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಆದ್ದರಿಂದ ನಿಮ್ಮದೇ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಊರಿಗೆ ಬಂದಾಗ ಪಡೆದಿಟ್ಟುಕೊಳ್ಳಿ, ಅರ್ಜಿ ಹಾಕುವ ವರ್ಷದ ಕೈಪಿಡಿಯಲ್ಲಿ ನಿಯಮವನ್ನು ಮತ್ತೊಮ್ಮೆ ಓದಿ ಖಚಿತಪಡಿಸಿಕೊಳ್ಳಿ.

ಮಕ್ಕಳ ಕಟ್ಟುಪಾಡು ಇಲ್ಲದವರು ಸೆಪ್ಟೆಂಬರ್ ಒಳಗೆ ಬಂದುಬಿಟ್ಟರೆ ದೆಹಲಿಯ ನವೆಂಬರ್ ಹೊಗೆಯಿಂದ ಪಾರಾದಂತೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಇಲ್ಲಿನವರು ಮನೆ ಬದಲಾಯಿಸುವುದು ಕಡಿಮೆ, ಹೀಗಾಗಿ ಆಗ ಖಾಲಿ ಮನೆಗಳು ಹೆಚ್ಚು, ಮಾಲೀಕರ ಬಿಗಿಯೂ ತುಸು ಸಡಿಲ. ಒಂದೇ ಎಚ್ಚರಿಕೆ: ಆಷಾಢ ಹುಟ್ಟುವ ಮೊದಲೇ ಹಾಲು ಉಕ್ಕಿಸಿಬಿಡಿ ಎಂದು ಮಾಲೀಕರು ಒತ್ತಾಯಿಸಿದರೆ, ಬಾಡಿಗೆ ಎಂದಿನಿಂದ ಲೆಕ್ಕ ಎಂಬುದನ್ನು ಅಂದೇ ಮಾತನಾಡಿ ಮುಗಿಸಿ.

ಹಂತ 5: ದೆಹಲಿ ಬಿಡುವ ಮೊದಲು ಮುಗಿಸಬೇಕಾದ ಕಾಗದಪತ್ರ

ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನೊಡನೆ ಸಾಗಿಸುವಂತಿಲ್ಲ. ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಟರ್ಮಿನೇಷನ್ ವೋಚರ್ ಎಂಬ ಚೀಟಿ ಪಡೆಯಿರಿ. ಮೈಸೂರಿನಲ್ಲಿ ಸಂಪರ್ಕ ಪಡೆಯಲು ಅದು ಬೇಕಾಗುತ್ತದೆ. ಕೊಳವೆ ಅನಿಲವಿದ್ದರೆ ಅದನ್ನೂ ರದ್ದುಮಾಡಿಸಿ. ಪಡಿತರ ಚೀಟಿ ಇದ್ದರೆ ರದ್ದತಿ ಪ್ರಮಾಣಪತ್ರ ಪಡೆದುಕೊಳ್ಳಿ. ಮಕ್ಕಳ ವರ್ಗಾವಣೆ ಪತ್ರದಲ್ಲಿ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಅಲ್ಲೇ ನಿಂತು ಪರಿಶೀಲಿಸಿ.

ಕಾರಿನ ವಿಷಯಕ್ಕೆ ತಾಳ್ಮೆ ಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ, ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲು ದೆಹಲಿಯ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಬೇಕು. ಸಾಲದ ಕಾರಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇಲ್ಲಿ ಬಂದ ಮೇಲೆ ನಮೂನೆ 27 ಸಲ್ಲಿಸಿ, ಕಾರಿನ ಬೆಲೆ ಮತ್ತು ವಯಸ್ಸನ್ನು ಆಧರಿಸಿದ ಜೀವಿತಾವಧಿ ತೆರಿಗೆ ಕಟ್ಟಬೇಕು. ಮೈಸೂರು ಪಶ್ಚಿಮಕ್ಕೆ ಕೆಎ 09, ಪೂರ್ವಕ್ಕೆ ಕೆಎ 55, ಮಂಡ್ಯಕ್ಕೆ ಕೆಎ 11. ದೆಹಲಿಯಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಪಾಲನ್ನು ಹಿಂದಕ್ಕೆ ಕೇಳಬಹುದು, ಅದು ಕೈಸೇರಲು ಸಮಯ ಹಿಡಿಯುತ್ತದೆ. ಹಳೆಯ ಕಾರಾದರೆ ಇಷ್ಟೆಲ್ಲ ಮಾಡುವುದಕ್ಕಿಂತ ಅಲ್ಲೇ ಮಾರಿ ಬರುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎನ್‌ಒಸಿ ತರದೆ ಕಾರನ್ನು ಮಾತ್ರ ತಂದು, ಬಳಿಕ ಅದಕ್ಕಾಗಿಯೇ ದೆಹಲಿಗೆ ವಿಮಾನ ಹತ್ತಿದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ.

ಆರೋಗ್ಯದ ಕಾಗದಗಳಿಗೆ ಒಂದು ಬೇರೆಯೇ ಕಡತ ಮಾಡಿ: ಡಿಸ್ಚಾರ್ಜ್ ಸಾರಾಂಶಗಳು, ಸ್ಕ್ಯಾನ್‌ಗಳ ಸಿ.ಡಿ., ಈಗಿನ ಔಷಧಿಗಳ ರಾಸಾಯನಿಕ ಹೆಸರು ಮತ್ತು ಪ್ರಮಾಣ. ವಿಮಾ ಕಂಪನಿ ಬದಲಾಯಿಸುವ ಯೋಚನೆಯಿದ್ದರೆ ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲು ಈಗಾಗಲೇ ಕಾದ ಅವಧಿಯ ಲಾಭ ಕಳೆದುಕೊಳ್ಳದಂತೆ ಪೋರ್ಟಬಿಲಿಟಿಗೆ, ಅಂದರೆ ಆ ಲಾಭ ಉಳಿಸಿಕೊಂಡೇ ಬೇರೆ ಕಂಪನಿಗೆ ಬದಲಾಗುವುದಕ್ಕೆ, ನವೀಕರಣ ದಿನಾಂಕಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಿ. ಸಿಜಿಎಚ್‌ಎಸ್ ಕಾರ್ಡಿರುವ ಕೇಂದ್ರ ಸರ್ಕಾರದ ನಿವೃತ್ತರು ಕಾರ್ಡಿನ ವರ್ಗಾವಣೆಯನ್ನು ಹೊರಡುವ ಮೊದಲೇ ಆರಂಭಿಸಲಿ. ಪಿಂಚಣಿದಾರರು ನವೆಂಬರ್‌ನಲ್ಲಿ ಊರು ಬದಲಾಯಿಸುತ್ತಿದ್ದರೆ ಗಡಿಬಿಡಿಯಲ್ಲಿ ಜೀವಿತ ಪ್ರಮಾಣಪತ್ರವನ್ನು ಮರೆಯಬಾರದು. 80 ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶವಿದೆ, ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು.

ಹಂತ 6: ಸಾಮಾನು ಸಾಗಣೆ

ಏನನ್ನು ತರಬಾರದು ಎಂಬುದರಿಂದ ಪಟ್ಟಿ ಶುರುವಾಗಲಿ. ಡೆಸರ್ಟ್ ಕೂಲರ್, ರೂಮ್ ಹೀಟರ್, ರಾಶಿ ರಜಾಯಿಗಳು ಇಲ್ಲಿ ಅಟ್ಟ ಸೇರುತ್ತವೆ. ತಲೆಗೊಂದು ರಜಾಯಿ ಸಾಕು. ಗಾಳಿ ಶುದ್ಧಿ ಯಂತ್ರವಿದ್ದರೆ ಒಂದನ್ನು ತನ್ನಿ, ಪಕ್ಕದಲ್ಲಿ ಕಸ ಸುಟ್ಟ ದಿನ ಬೇಕಾಗುತ್ತದೆ.

ಸಾಗಣೆಯಲ್ಲಿ ಎರಡು ಬಗೆ. ಪೂರ್ತಿ ಲಾರಿ ನಿಮ್ಮದೇ ಆದರೆ ದುಬಾರಿ, ಆದರೆ ಬೇಗ ತಲುಪುತ್ತದೆ. ಇತರರ ಸಾಮಾನಿನೊಡನೆ ಹಂಚಿಕೊಂಡ ಲಾರಿ ಅಗ್ಗ, ಆದರೆ ನಡುದಾರಿಯ ಗೋದಾಮಿನಲ್ಲಿ ಇಳಿಸಿ ಏರಿಸುವುದರಿಂದ ದಿನವೂ ಹೆಚ್ಚು, ಒಡೆಯುವುದೂ ಹೆಚ್ಚು. ದೊಡ್ಡ ಕುಟುಂಬಕ್ಕೆ ಪೂರ್ತಿ ಲಾರಿಯೇ ಸರಿ. ದರ ಕೇಳುವಾಗ ಮೂರು ಕಡೆ ಮನೆಗೆ ಬಂದು ಸಾಮಾನು ನೋಡಿ ಬರೆದುಕೊಟ್ಟ ಅಂದಾಜನ್ನೇ ಪಡೆಯಿರಿ. ಫೋನಿನಲ್ಲಿ ಅತಿ ಕಡಿಮೆ ಹೇಳಿ, ಲಾರಿ ಅರ್ಧ ದಾರಿ ತಲುಪಿದ ಮೇಲೆ ಹೆಚ್ಚು ಕೇಳುವುದು ಈ ವ್ಯಾಪಾರದ ಹಳೆಯ ವಂಚನೆ. ಎಲ್‌ಆರ್ ಎಂದು ಕರೆಯುವ ಲಾರಿ ರಸೀದಿ, ಸಾಮಾನಿನ ಎಣಿಕೆಪಟ್ಟಿ, ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಮತ್ತು ಸಾಗಣೆ ವಿಮೆಯ ಕಾಗದ, ಈ ನಾಲ್ಕೂ ಕೈಗೆ ಬಾರದೆ ಲಾರಿ ಹೊರಡಲು ಬಿಡಬೇಡಿ. ವಿಮೆಯನ್ನು ಮಾಡಿಸಿದ್ದೇವೆಂದು ಬಾಯಲ್ಲಿ ಹೇಳಿದರೆ ಸಾಲದು.

ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪ್ಯಾಕಿಂಗ್ ಮಾಡಲು ಬಂದ ಹುಡುಗರು ಕಣ್ಣಿಗೆ ಕಂಡದ್ದನ್ನೆಲ್ಲ ಸುತ್ತಿ ಕಟ್ಟುತ್ತ ಹೋದಾಗ ಅಪ್ಪನ ನೆಬ್ಯುಲೈಸರ್, ಅಂದರೆ ಔಷಧಿಯನ್ನು ಮಂಜಾಗಿಸಿ ಉಸಿರಾಡಿಸುವ ಯಂತ್ರ, ‘ಅಡುಗೆಮನೆ 7’ ಎಂದು ಬರೆದ ಪೆಟ್ಟಿಗೆಯೊಳಗೆ ಸೇರಿ ಲಾರಿ ಹತ್ತಿತು. ಎಂಟು ದಿನದ ಬಳಿಕ ಮಿಕ್ಸಿಯ ಜಾರುಗಳ ನಡುವೆ ಸಿಕ್ಕಿತು. ಅಷ್ಟರಲ್ಲಿ ಇಲ್ಲಿ ಹೊಸದೊಂದನ್ನು ಕೊಂಡಾಗಿತ್ತು. ಔಷಧಿ, ಯಂತ್ರ, ಕನ್ನಡಕ, ಮೂಲ ದಾಖಲೆ, ಒಡವೆಗಳನ್ನು ಹಿಂದಿನ ದಿನವೇ ನೆರೆಮನೆಗೆ ಸಾಗಿಸಿಬಿಡಿ.

ಹಂತ 7: ಪ್ರಯಾಣ

ಎಲ್ಲರೂ ಒಟ್ಟಿಗೆ ಹೊರಡಬೇಡಿ. ಮೊದಲು ಇಬ್ಬರು ವಯಸ್ಕರು ಬಂದು ಲಾರಿ ಇಳಿಸಿಕೊಂಡು, ಮನೆ ತೊಳೆಸಿ, ಹಾಸಿಗೆ ಹಾಕಿ, ಒಲೆ ಹಚ್ಚಿದ ಮೇಲೆ ಹಿರಿಯರೂ ಮಕ್ಕಳೂ ಬರಲಿ.

ರೈಲಿನಲ್ಲಾದರೆ ಹಜರತ್ ನಿಜಾಮುದ್ದೀನ್‌ನಿಂದ ಮೈಸೂರಿಗೆ ವಾರಕ್ಕೊಮ್ಮೆ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಇದೆ, ಬೆಂಗಳೂರಿನವರೆಗೆ ಪ್ರತಿದಿನ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಒಂದು ಟಿಕೆಟ್‌ನಲ್ಲಿ ಆರು ಜನರಿಗಷ್ಟೇ ಅವಕಾಶ. ಕೂಡು ಕುಟುಂಬದವರು ಎಡವುವ ಜಾಗ ಬೇರೊಂದಿದೆ: ಹಿರಿಯರಿಗೆ ಮೀಸಲಾದ ಕೆಳಗಿನ ಬರ್ತ್ ಕೋಟಾ ಅನ್ವಯಿಸುವುದು ಅವರು ಒಬ್ಬರೇ ಅಥವಾ ಅರ್ಹರಾದ ಇಬ್ಬರೇ ಆ ಟಿಕೆಟ್‌ನಲ್ಲಿದ್ದಾಗ. ತಾತ ಅಜ್ಜಿಯನ್ನು ಮೊಮ್ಮಕ್ಕಳೊಡನೆ ಒಂದೇ ಟಿಕೆಟ್‌ಗೆ ಸೇರಿಸಿದರೆ ಆ ಸೌಲಭ್ಯ ತಪ್ಪುತ್ತದೆ. ಅವರಿಬ್ಬರಿಗೆ ಪ್ರತ್ಯೇಕ ಟಿಕೆಟ್ ಮಾಡಿಸಿ, ಅದೇ ಬೋಗಿಯಲ್ಲಿ ನಿಮಗೂ ಜಾಗ ಹಿಡಿಯಿರಿ.

ಎರಡು ದಿನದ ರೈಲು ತಡೆಯಲಾಗದವರಿಗೆ ವಿಮಾನವೇ ಸರಿ. ಬೆಂಗಳೂರು ವಿಮಾನ ನಿಲ್ದಾಣದಿಂದಲೇ ನೇರವಾಗಿ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ನಗರದೊಳಗೆ ಇಳಿದು ಹತ್ತುವ ಗೋಜಿಲ್ಲ. ಆಮ್ಲಜನಕದ ಯಂತ್ರ ಬಳಸುವವರಿದ್ದರೆ ವಿಮಾನಯಾನ ಸಂಸ್ಥೆಗೆ ವೈದ್ಯರ ಪತ್ರದೊಡನೆ ಮುಂಚಿತವಾಗಿ ತಿಳಿಸಿ.

ಹಂತ 8: ಬಂದ ಮೊದಲ ತಿಂಗಳು

ಮೊದಲು ಆಧಾರ್ ವಿಳಾಸ. ಒಂಬತ್ತು ಜನರಿಗೂ ವಿಳಾಸದ ಪುರಾವೆ ಎಲ್ಲಿಂದ ತರುವುದೆಂದು ಗಾಬರಿ ಬೇಡ. ಬಾಡಿಗೆ ಕರಾರನ್ನು ನೋಂದಾಯಿಸಿ, ಅದು ಯಾರ ಹೆಸರಿನಲ್ಲಿದೆಯೋ ಅವರು ಮೊದಲು ಬದಲಾಯಿಸಿಕೊಳ್ಳಲಿ. ಬಳಿಕ ‘ಕುಟುಂಬದ ಮುಖ್ಯಸ್ಥ’ ಎಂಬ ಆನ್‌ಲೈನ್ ಸೌಲಭ್ಯದ ಮೂಲಕ ಉಳಿದವರು ಅವರ ವಿಳಾಸವನ್ನೇ ಕೋರಬಹುದು. ಕೋರಿಕೆಗೆ ಮುಖ್ಯಸ್ಥರು 30 ದಿನದೊಳಗೆ ಒಪ್ಪಿಗೆ ನೀಡದಿದ್ದರೆ ಅದು ಬಿದ್ದುಹೋಗುತ್ತದೆ. ಮತದಾರರ ಪಟ್ಟಿಗೆ ನಮೂನೆ 8 ಸಾಕು, ಹೊಸ ಮತದಾರರ ನಮೂನೆ 6 ತುಂಬಿ ಎರಡೆರಡು ಕಡೆ ಹೆಸರು ಉಳಿಸಿಕೊಳ್ಳಬೇಡಿ.

ವಿದ್ಯುತ್ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಮನೆಬಳಕೆಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆಗೆ ನೋಂದಾಯಿಸಲು ಹೋದಾಗ ಆ ಮೀಟರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿರುವುದು ಕಂಡುಬರಬಹುದು. ಅದನ್ನು ಬಿಡಿಸಿದ ಮೇಲಷ್ಟೇ ನಿಮ್ಮದು ಸೇರುತ್ತದೆ, ಆದ್ದರಿಂದ ಕೀಲಿ ಪಡೆಯುವ ದಿನವೇ ಮಾಲೀಕರಿಗೆ ಹೇಳಿ.

ಕಾಯಿಲೆ ಬರುವ ಮೊದಲೇ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಕಡತವನ್ನು ಹಿಡಿದು ಶ್ವಾಸಕೋಶ ತಜ್ಞರೊಬ್ಬರನ್ನು ಮೊದಲ ಹದಿನೈದು ದಿನದೊಳಗೆ ಕಂಡು, ಮನೆಯಿಂದ ಹತ್ತಿರದ ತುರ್ತು ಚಿಕಿತ್ಸಾ ಘಟಕ ಯಾವುದೆಂದು ಮಕ್ಕಳಿಗೂ ತಿಳಿಸಿಡಿ. ಹೃದಯಕ್ಕೆ ಜಯದೇವ ಸಂಸ್ಥೆಯ ಮೈಸೂರು ಆಸ್ಪತ್ರೆ ಇದೆ. ಹಿರಿಯರ ಶ್ರವಣ ಸಮಸ್ಯೆಗೆ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ, ದೆಹಲಿಯವರೂ ಹುಡುಕಿಕೊಂಡು ಬರುವ ಜಾಗ ಅದು.

ಹಂತ 9: ಕೊಳ್ಳುವ ಅವಸರ ಬೇಡ

ದೆಹಲಿಯ ಫ್ಲ್ಯಾಟ್ ಮಾರಿದ ಹಣ ಬ್ಯಾಂಕಿನಲ್ಲಿದೆ ಎಂಬ ಸುದ್ದಿ ಹೇಗೋ ದಲ್ಲಾಳಿಗಳಿಗೆ ತಲುಪುತ್ತದೆ. ಒಂದು ಪೂರ್ಣ ವರ್ಷ, ಅಂದರೆ ಒಂದು ಏಪ್ರಿಲ್ ಮತ್ತು ಒಂದು ಆಗಸ್ಟ್ ಕಳೆಯುವವರೆಗೆ ಏನನ್ನೂ ಕೊಳ್ಳಬೇಡಿ. ಸಾಧ್ಯವಾದರೆ ಅಲ್ಲಿನ ಮನೆಯನ್ನು ಮಾರದೆ ಆ ಒಂದು ವರ್ಷ ಬಾಡಿಗೆಗೆ ಕೊಡಿ.

ಕೊಳ್ಳುವ ಹೊತ್ತಿಗೆ ಕಿವಿಗೆ ಬೀಳುವ ಪದಗಳಲ್ಲಿ ಮುಖ್ಯವಾದವು ಇವು. ಖಾತೆ ಎಂದರೆ ಸ್ಥಳೀಯ ಸಂಸ್ಥೆಯ ತೆರಿಗೆ ಪುಸ್ತಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ದಾಖಲೆ, ಇ-ಖಾತೆ ಅದರ ಗಣಕೀಕೃತ ರೂಪ. ರೆವಿನ್ಯೂ ನಿವೇಶನ ಎಂದರೆ ಕೃಷಿ ಭೂಮಿಯನ್ನು ಕ್ರಮಬದ್ಧವಾಗಿ ಪರಿವರ್ತಿಸದೆ, ಬಡಾವಣೆಯ ನಕ್ಷೆಗೆ ಅಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಪಡೆಯದೆ ತುಂಡು ಮಾಡಿ ಮಾರಿದ ಜಾಗ. ಅದು ಅಗ್ಗವಾಗಿರುವುದಕ್ಕೆ ಕಾರಣವೂ ಅದೇ, ಅಲ್ಲಿ ನಕ್ಷೆ ಮಂಜೂರಾತಿ, ಬ್ಯಾಂಕ್ ಸಾಲ, ನೀರು, ಒಳಚರಂಡಿ ಎಲ್ಲವೂ ಪ್ರಶ್ನೆಯೇ. 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾದ್ದರಿಂದ, ಶ್ರೀರಂಗಪಟ್ಟಣದ ಆಚೆ ಎರಡು ಎಕರೆ ತೋಟ ಮಾಡಿಕೊಂಡು ಇರಬಹುದಲ್ಲ ಎಂಬ ಆಸೆಯನ್ನೂ ತೋರಿಸುತ್ತಾರೆ. ಆಸ್ಪತ್ರೆಗೆ ರಾತ್ರಿ ಎರಡು ಗಂಟೆಯಲ್ಲಿ ಎಷ್ಟು ಹೊತ್ತಿನ ದಾರಿ ಎಂಬುದನ್ನು ಒಮ್ಮೆ ಅದೇ ಹೊತ್ತಿನಲ್ಲಿ ಗಾಡಿ ಓಡಿಸಿ ನೋಡಿ, ಬಳಿಕ ತೋಟದ ಮಾತಾಡಿ. ಯಾವುದೇ ಆಸ್ತಿಗೂ ಕನಿಷ್ಠ 30 ವರ್ಷದ ಋಣಭಾರ ಪತ್ರವನ್ನೂ ಮೂಲ ಹಕ್ಕುಪತ್ರಗಳನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಸೂಚಿಸಿದ ವಕೀಲರು ಬೇಡ. ಟೋಕನ್ ಹಣವನ್ನು ವಕೀಲರು ಕಾಗದ ನೋಡಿದ ಮೇಲೆಯೇ, ಚೆಕ್ಕಿನ ಮೂಲಕವೇ ಕೊಡಿ.